ತಲೆಗೆ ಕೊಟ್ಟ ಕರೆಂಟು

ಮಗಳ ಕೈಗೆ ಹಸಿರು ಬಳೆ ಏರುತ್ತಿರಲಿಲ್ಲ. ಈರಮ್ಮ ಸೋಪು ಹಚ್ಚಿ ಒತ್ತಿದಳು. ಬಾತುಕೊಂಡ ಕೈಯ ಗೆಣ್ಣಿನ ಮೇಲೆ ಬಳೆ ಚಟ್ಟನೆ ಒಡೆಯಿತು.

"ನೋಡ್ರಿ, ಹ್ಯಾಂಗ ಬಾತಾಳ," ಬೀಗತಿ ಭಾಗೀರಥಿಬಾಯಿ ಸುತ್ತ ಕೂತ ಹೆಂಗಸರಿಗೆ ಹೇಳಿದಳು. "ತಿನ್ನಾದು, ಮಲಗಾದು. ಒಂಬತ್ತು ವರ್ಷ ನನ್ನ ಮನ್ಯಾಗ ಇದೇ ಕೆಲಸ. ಬ್ಯಾಸಗ್ಯಾಗ ಸ್ವೆಟರ್ ಹಾಕ್ಕೊಂಡು ಕುಂಡ್ರತಿದ್ಳು. ಸೊಂಬೇರಿ ಅಂದ್ರ ಸೊಂಬೇರಿ."

"ಸತ್ತವರಿಗಿ ಹಂಗ ಅನಬಾರ್ದವ್ವ," ಒಬ್ಬ ಮುದುಕಿ ಅಂದಳು.

"ಇದ್ದದ್ದು ಹೇಳ್ತೇನಿ."

ಈರಮ್ಮನ ಮೈ ಉರಿಯಿತು. ಮಹಾನಂದಾ ಹಲಬರ್ಗಾದ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅರ್ಧ ಊರಿನ ಕುಪ್ಪಸ ಹೊಲಿದವಳು. ಆಮೇಲೆ ಹೊಲಿಗೆ ಯಂತ್ರದ ಮೇಲೆಯೇ ತಲೆಯಿಟ್ಟು ನಿದ್ದೆ ಹೋಗತೊಡಗಿದಳು. ದನಿ ಗೊಗ್ಗರಾಯಿತು. "ಅವ್ವಾ, ನನ್ನ ಕೈ ನಾ ಹೇಳಿದಂಗ ಕೇಳವಲ್ವು," ಎಂದು ಅತ್ತಿದ್ದಳು. ಈಗ ಮೂವತ್ನಾಲ್ಕಕ್ಕೇ ಹೋದಳು. ಅವಳು ಸೊಂಬೇರಿಯಲ್ಲ ಎಂಬುದು ಇಲ್ಲಿ ಇಬ್ಬರಿಗಷ್ಟೇ ಗೊತ್ತಿತ್ತು: ತನಗೆ, ಮತ್ತು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ ಗಂಡ ಮಡೆಪ್ಪನಿಗೆ.

*

ಎಂಟು ವರ್ಷದವಳಿದ್ದಾಗ ಮಹಾನಂದಾಳ ತಲೆಯೊಳಗೆ ಗಡ್ಡೆಯಾಗಿತ್ತು. ಔರಾದದಿಂದ ಹೈದರಾಬಾದಿಗೆ ಒಯ್ದು ಆಪರೇಷನ್ ಮಾಡಿಸಿ, ಆರು ವಾರ ತಲೆಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಿದ್ದರು. ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರಮ್ಮ ಚೀಟಿ ಬರೆದುಕೊಟ್ಟು ನಿಧಾನವಾಗಿ ತಿಳಿಸಿದ್ದಳು. ಗಡ್ಡೆ ಹೋಯಿತು, ಮಗು ಉಳಿಯಿತು. ಆದರೆ ಈ ಕರೆಂಟಿನ ಪೆಟ್ಟು ಹತ್ತಿಪ್ಪತ್ತು ವರ್ಷದ ಮೇಲೂ ಥೈರಾಯ್ಡಿಗೆ ತಾಗಬಹುದು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಕಡಿಮೆಯಾದರೆ ದಿನಕ್ಕೊಂದು ಗುಳಿಗೆ, ಅಷ್ಟೇ. ಯಾವ ಡಾಕ್ಟರ ಹತ್ತಿರ ಹೋದರೂ ಈ ಚೀಟಿ ತೋರಿಸಿ.

ನಾಲ್ಕು ವರ್ಷ ಪರೀಕ್ಷೆ ಮಾಡಿಸಿದರು. ಹುಡುಗಿ ಮೈನೆರೆದಳು. ಮಡೆಪ್ಪ ಚೀಟಿಯನ್ನು ಒಲೆಗೆ ಹಾಕಿದ.

"ತಲಿಗಿ ಕರೆಂಟ್ ಕೊಟ್ಟ ಹುಡುಗಿಗಿ ಯಾರು ಮಾಡ್ಕೋತಾರ? ಇನ್ನ ಈ ಮಾತು ನಿನ್ನ ಬಾಯಾಗ ಬರಬಾರ್ದು."

ಮಗಳಿಂದಲೂ ಕೊರಳ ಇಷ್ಟಲಿಂಗ ಮುಟ್ಟಿಸಿ ಆಣೆ ಮಾಡಿಸಿದ. ಈರಮ್ಮ ಒಲೆಯ ಮುಂದೆಯೇ ಇದ್ದಳು. ಕೈ ಹಾಕಿ ಚೀಟಿ ತೆಗೆಯಲಿಲ್ಲ.

*

ಹೊಲದ ಬದುವಿನಲ್ಲಿ ಕುಣಿ ತೋಡಿತ್ತು. ಕುಳ್ಳಿರಿಸಿ ತಂದ ದೇಹವನ್ನು ಅದರ ಪಕ್ಕ ಇಳಿಸಿದರು. ಅಳಿಯ ಬಸವಕಿರಣ ಈರಮ್ಮನ ಬಳಿ ಬಂದು ನಿಂತ.

"ಅತ್ತಿ, ಒಂದು ಮಾತು ಖರೇ ಹೇಳ್ರಿ. ಆಕಿಗಿ ಎಚ್ಚರ ತಪ್ಪಿ ಬೀದರಕ್ಕ ಒಯ್ದಾಗ ಡಾಕ್ಟರ್ ಮೂರು ಸಲ ಕೇಳಿದ್ರು, ಸಣ್ಣಾಕಿದ್ದಾಗ ತಲಿಗಿ ಕರೆಂಟ್ ಕೊಟ್ಟಿದ್ರೇನು ಅಂತ. ಥೈರಾಯ್ಡ್ ಪೂರಾ ನಿಂತುಹೋಗ್ಯದ ಅಂದ್ರು. ನನಗ ಗೊತ್ತಿಲ್ಲರಿ ಅಂದೆ. ಮಾವನೋರು ಇಲ್ಲೇ ಇಲ್ಲ ಅಂದ್ರು."

ಈರಮ್ಮ ಗಂಡನ ಕಡೆ ತಿರುಗಿದಳು. "ಆಗೂ ಇಲ್ಲ ಅಂದ್ರಿ? ಆಕಿ ಜೀವ ಹೋಗೂ ಹೊತ್ತಿನ್ಯಾಗೂ?"

"ಏ, ಸುಮ್ಕಿರು. ನಾಲ್ಕು ಮಂದಿ ನಿಂತಾರ," ಮಡೆಪ್ಪ ಹಲ್ಲು ಕಚ್ಚಿ ಅಂದ.

"ನಿಂದರ್ಲಿ! ಕೇಳ್ಲಿ!"

ಅವಳು ಮಗಳ ತಲೆಯ ಸೆರಗು ಸರಿಸಿದಳು. ಕಿವಿಯ ಹಿಂದೆ ಅಂಗೈಯಗಲ ಕೂದಲಿರಲಿಲ್ಲ.

"ಬಿಸಿನೀರು ಬಿದ್ದು ಸುಟ್ಟದ ಅಂತ ನಿಮಗ ಸುಳ್ಳು ಹೇಳಿದ್ವಿ, ಅಳಿಯಾ. ಕರೆಂಟ್ ಕೊಟ್ಟ ಜಾಗಾರಿ ಇದು. ಭಾಗೀರಥಿಬಾಯಿ, ಸೊಂಬೇರಿ ಅಲ್ಲ ನನ್ನ ಮಗಳು! ದಿನಾ ಒಂದು ಗುಳಿಗಿ ಬೇಕಾಗಿತ್ತು ಆಕಿಗಿ. ಬರೇ ಒಂದು ಗುಳಿಗಿ! ಇವರು ಮುಚ್ಚಿಟ್ರು. ನಾನೂ ಬಾಯಿ ಮುಚ್ಕೊಂಡು ಕುಂತೆ. ನನಗೂ ಉಗೀರಿ."

ಭಾಗೀರಥಿಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಬಸವಕಿರಣ ಅಲ್ಲೇ ಕುಸಿದು ಕೂತ.

"ಮುಂಜಾನೆ ಏಳ್ಲಿಲ್ಲ ಅಂತ ಹೊಡ್ದೀನಿ ಅತ್ತಿ... ಈ ಕೈಲೇ ಹೊಡ್ದೀನಿ."

ಯಾರೂ ಅವನನ್ನು ಎಬ್ಬಿಸಲಿಲ್ಲ. ಜಂಗಮಯ್ಯ ಮಂತ್ರ ಹೇಳಿ, ದೇಹವನ್ನು ಕುಣಿಯೊಳಗೆ ಕೂಡಿಸಿ, ವಿಭೂತಿ ಇಡಿಸಿದ. "ತಂದಿಯವರು ಬರ್ರಿ, ಮಣ್ಣು ಕೊಡ್ರಿ," ಎಂದ.

ಮಡೆಪ್ಪ ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡು ಕೈ ಚಾಚಿದ. ಈರಮ್ಮ ಅವನ ಮುಂಗೈ ಹಿಡಿದಳು. ಅವನು ಕೊಸರಿದ. ಅವಳು ಬಿಡಲಿಲ್ಲ. ಮಣ್ಣು ಅವನ ಬೆರಳ ಸಂದಿನಿಂದ ಜಾರಿ, ಇಸ್ತ್ರಿ ಮಾಡಿದ ಬಿಳಿ ಧೋತರದ ಮೇಲೆ, ಅವನದೇ ಪಾದಗಳ ಮೇಲೆ ಬೀಳುತ್ತ ಹೋಯಿತು.