ಪಾತಿಯಲ್ಲಿ ನೆಟ್ಟ ಸೂಜಿ

ದರ್ಜಿಯಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಅನ್ನುವುದು ಬೀದಿಗೆಲ್ಲ ಗೊತ್ತಿತ್ತು. ಆದರೆ ಈ ಬೆಕ್ಕುಗಳ ವಿಷಯದಲ್ಲಿ ಅವಳನ್ನು ದೂರುವಂತಿಲ್ಲ, ಯಾರಿದ್ದರೂ ರೇಗುತ್ತಿದ್ದರು. ಹಿತ್ತಲಿನ ಕೊತ್ತಂಬರಿ ಪಾತಿಗೆ ಮಣ್ಣು ಜರಡಿ ಹಿಡಿದು, ಹಿಟ್ಟಿನ ಹಾಗೆ ನಯ ಮಾಡಿ, ಬೀಜ ಚೆಲ್ಲಿ ಒಳಗೆ ಹೋಗುವುದೇ ತಡ, ತಮಗೆಂದೇ ಹಾಸಿಟ್ಟಿದ್ದಾರೆ ಅನ್ನುವಂತೆ ಬೆಕ್ಕುಗಳು ಬಂದು, ಕೆದರಿ, ಕೂತು, ಕೆಲಸ ಮುಗಿಸಿ, ಮಣ್ಣು ಮುಚ್ಚಿ ಹೋಗುತ್ತಿದ್ದವು. ಮೊಳಕೆ ಬಂತೇನೋ ಅಂತ ಬೆರಳಿಟ್ಟರೆ ಸಿಗುತ್ತಿದ್ದುದೇ ಬೇರೆ. ಥೂ!

ಕಿತ್ತಳೆ ಸಿಪ್ಪೆ ಹಾಕಿ ನೋಡಿದಳು. ಖಾರದ ಪುಡಿ ಎರಚಿದಳು. ಬೆಕ್ಕು ಒಂದು ಸೀನು ಸೀನಿ ಪಾತಿಯ ಇನ್ನೊಂದು ತುದಿಗೆ ಹೋಗಿ ಕೂತಿತು. ಇವಕ್ಕೆಲ್ಲ ಹಾಲು ಮೀನು ಹಾಕಿ ಸಾಕುತ್ತಿದ್ದವಳು ಪಕ್ಕದ ಮನೆಯ ವ್ಯಾನಿನವಳು, ಶಾಲೆಯ ಮಕ್ಕಳನ್ನು ಕರೆದೊಯ್ಯುವಾಕೆ. ಅವಳನ್ನು ಕೇಳಿದರೆ, ಬೆಕ್ಕು ಯಾರ ಮಾತು ಕೇಳುತ್ತೆ ಅಕ್ಕಾ ಅಂತ ನಕ್ಕುಬಿಟ್ಟಳು. ದರ್ಜಿಯಮ್ಮನಿಗೆ ಪಿತ್ತ ನೆತ್ತಿಗೇರಿತು. ಬೇಲಿಯ ಆಚೆ ಈಚೆ ನಿಂತು ಇಬ್ಬರೂ ಬಾಯಿಗೆ ಬಂದಂತೆ ಬೈದಾಡಿಕೊಂಡರು. ಅಷ್ಟು ವರ್ಷದ ಕೊಡುಕೊಳ್ಳುವಿಕೆ ಅಲ್ಲಿಗೆ ಮುಗಿಯಿತು.

ಕಿಟಕಿಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ ದರ್ಜಿಯಮ್ಮನ ಗಂಡ ಕಿಟಕಿ ಮುಚ್ಚಿ ಒಳಗೆ ಸರಿದ. ಪೋಸ್ಟ್‌ಮ್ಯಾನ್ ಆಗಿ ಊರೆಲ್ಲ ಸುತ್ತಿದವನು. ಆ ಕಾಲುಗಳಲ್ಲಿ ಈಗ ಸ್ಪರ್ಶವೇ ಇರಲಿಲ್ಲ. ಸಕ್ಕರೆ ಕಾಯಿಲೆ ಹೋದ ವರ್ಷ ಒಂದು ಬೆರಳನ್ನು ತಿಂದುಹಾಕಿತ್ತು. ಇನ್ನೊಂದು ಗಾಯವಾದರೆ ಪಾದವನ್ನೇ ತೆಗೆಯಬೇಕಾದೀತು ಅಂತ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಚಪ್ಪಲಿ ಕಳಚಿ ಹಿಂದೆ ಉಳಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಹಿತ್ತಲಿಗೆ ಇಳಿಯಕೂಡದೆಂದು ಅವಳು ಆಣೆ ಹಾಕಿಸಿಕೊಂಡಿದ್ದಳು. ದಿನಾ ಊಟವಾದ ಮೇಲೆ ಅವನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಹೊಲಿಗೆ ಮಿಷನ್ನಿನ ದೀಪ ಬಗ್ಗಿಸಿ, ಒಂದು ಗೀರಾದರೂ ಇದೆಯೇನೋ ಅಂತ ಕನ್ನಡಕ ಹಾಕಿಕೊಂಡು ಹುಡುಕುತ್ತಿದ್ದಳು.

ಮುರಿದ ಸೂಜಿಯನ್ನು ಅವಳು ಎಂದೂ ಕಸಕ್ಕೆ ಹಾಕಿದವಳಲ್ಲ. ಕಸ ಎತ್ತುವವರ ಕೈಗೆ ಚುಚ್ಚೀತು ಅನ್ನುವ ಹೆದರಿಕೆ. ಕಸುಬು ಕಲಿಸಿದ ಅತ್ತೆ ಹೇಳಿಕೊಟ್ಟಂತೆ ಎಲ್ಲವನ್ನೂ ಒಂದು ತಗಡಿನ ಡಬ್ಬಿಯಲ್ಲಿ ಕೂಡಿಡುತ್ತಿದ್ದಳು. ಜಗಳವಾದ ಸಂಜೆ ಆ ಡಬ್ಬಿಯನ್ನು ಹಿತ್ತಲಿಗೆ ತಂದಳು. ಕೂರಲಿ ಈಗ, ನೋಡ್ತೀನಿ ಅಂತ ಗೊಣಗುತ್ತ, ಮೊನೆ ಮೇಲಾಗುವಂತೆ ಒಂದೊಂದೇ ಸೂಜಿಯನ್ನು ಪಾತಿಯ ತುಂಬ ನೆಟ್ಟಳು. ಗಂಡನ ನೆನಪು ಬರಲಿಲ್ಲವೇ ಅಂದರೆ, ಬರಲಿಲ್ಲ. ಆಣೆ ಇತ್ತಲ್ಲ!

ಮರುದಿನ ಬೆಳಿಗ್ಗೆ ಅವಳು ಎದ್ದು ಅಡುಗೆಮನೆಗೆ ಬಂದಾಗ ಹಿತ್ತಲ ಬಾಗಿಲು ತೆರೆದಿತ್ತು. ಗಂಡ ಸ್ಟೂಲಿನ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದ. ಅವನ ಮುಖದಲ್ಲಿ ಏನೋ ಸಾಧಿಸಿದ ಗೆಲುವಿತ್ತು.

"ಬಯ್ಯಬೇಡ ಕಣೆ. ನಿಮ್ಮಿಬ್ಬರ ಜಗಳ ನೋಡೋಕಾಗಲ್ಲ ನಂಗೆ. ನೀನು ಏಳೋ ಮುಂಚೆ ನಾನೇ ಆ ಗಲೀಜು ಎತ್ತಿ ಹಾಕಿಬಿಟ್ಟರೆ ನಿಂಗೂ ಕಾಣಲ್ಲ, ಅವಳಿಗೂ ಬೈಗುಳ ತಪ್ಪುತ್ತೆ ಅಂತ ಹೋಗಿದ್ದೆ. ಚಪ್ಪಲಿ ಹಾಕ್ಕೊಂಡೇ ಹೋಗಿದ್ದೆ."

ಕಾಲಲ್ಲಿ ಒಂದೇ ಚಪ್ಪಲಿ ಇತ್ತು. ಬಾಗಿಲಿಂದ ಸ್ಟೂಲಿನವರೆಗೆ ನೆಲದ ಮೇಲೆ ಒಂದೇ ಕಾಲಿನ ಕೆಂಪು ಹೆಜ್ಜೆಗಳಿದ್ದವು.

ಅವಳು ಅವನ ಮುಂದೆ ಕೂತು ಪಾದ ಎತ್ತಿ ನೋಡಿದಳು. ಅಂಗಾಲಿನಲ್ಲಿ ಅಲ್ಲಲ್ಲಿ ಸೂಜಿಯ ಬುಡಗಳು ಮಿನುಗುತ್ತಿದ್ದವು. ಎಳೆಯಲು ಹೋದರೆ ಬೆರಳಿಗೆ ಸಿಗದೆ ಜಾರಿದವು. ಇಷ್ಟು ವರ್ಷ ಸೂಜಿ ಹಿಡಿದ ಕೈ ಅದು. ಬಟ್ಟೆ ಸುತ್ತಿದವಳೇ ಬೇಲಿಯ ಹತ್ತಿರ ಓಡಿ, ನಿನ್ನೆ ಯಾರಿಗೆ ಹಾಳಾಗಿ ಹೋಗು ಅಂದಿದ್ದಳೋ ಅವಳನ್ನೇ ಕೂಗಿದಳು. ವ್ಯಾನಿನವಳು ಓಡಿಹೋಗಿ ವ್ಯಾನಿನ ಬೀಗದ ಕೈ ತಂದಳು.

ಆಸ್ಪತ್ರೆಗೆ ಹೊರಟ ವ್ಯಾನಿನಲ್ಲಿ, ಮಕ್ಕಳ ಸೀಟಿನಲ್ಲಿ ಮುದುಡಿ ಕೂತು, ದಿನಾ ಇಟ್ಟುಕೊಳ್ಳುವ ಹಾಗೆಯೇ ಅವಳು ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬಟ್ಟೆ ಒದ್ದೆಯಾಗುತ್ತಲೇ ಇತ್ತು. ಏನು ಚುಚ್ಚಿತಕ್ಕಾ ಅಂತ ವ್ಯಾನಿನವಳು ಕನ್ನಡಿಯಲ್ಲಿ ನೋಡುತ್ತ ಕೇಳಿದಳು. ಮುಳ್ಳಿರಬೇಕು ಅಂದ ಗಂಡ.

"ಮುಳ್ಳಲ್ಲ. ಸೂಜಿ," ಅಂದಳು ದರ್ಜಿಯಮ್ಮ. "ನಾನೇ ನೆಟ್ಟಿದ್ದು. ನಿನ್ನ ಬೆಕ್ಕುಗಳಿಗೆ ಅಂತ."

ವ್ಯಾನಿನವಳ ಕಣ್ಣು ಕನ್ನಡಿಯಿಂದ ಸರಿದು ರಸ್ತೆಗೆ ಹೋಯಿತು. ಗಂಡ ಹೆಂಡತಿಯ ಕಡೆ ತಿರುಗಿದ. ಅವನು ಬೈಯಲಿ ಅಂತ ಅವಳು ಕಾದಳು, ಒಂದೇಟು ಹೊಡೆದರೂ ಆದೀತು ಅನ್ನಿಸಿತು. ಅವನು ಕೈ ಚಾಚಿ ಅವಳ ಕೆನ್ನೆ ಒರೆಸಿದ.

"ಅಳಬೇಡ ಕಣೆ. ನಂಗೆ ಒಂಚೂರೂ ನೋವಾಗ್ತಿಲ್ಲ," ಅಂದ.

ಆ ಮಾತು ಕೇಳಿ ಅವಳು ಪಾದವನ್ನು ಅವಚಿಕೊಂಡು ಬಿಕ್ಕಿಬಿಕ್ಕಿ ಅತ್ತಳು.