ಜಟ್ಟಪ್ಪನ ಎಡಗೆನ್ನೆಯ ಕರಡಿ

ಹೊಸನಗರದ ಬಸ್‌ಸ್ಟ್ಯಾಂಡಿನ ಎದುರು ಸ್ವಪ್ನಾಳ ಸ್ಟುಡಿಯೋದಲ್ಲಿ ಕೂತು ಜಟ್ಟಪ್ಪ ಕಂಪ್ಯೂಟರಿನ ಪರದೆಯ ಮೇಲಿದ್ದ ತನ್ನ ಫೋಟೋವನ್ನು ಬಹಳ ಹೊತ್ತು ನೋಡಿದ. ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿಕೊಂಡು ಮತ್ತೆ ನೋಡಿದ. ಮುಖ ಅವನದೇ, ಮೀಸೆ ಅವನದೇ, ಶರ್ಟಿನ ಮೇಲಿನ ಗುಂಡಿ ಕಿತ್ತುಹೋಗಿದ್ದನ್ನು ನೋಡಿದರೆ ಶರ್ಟೂ ಅವನದೇ. ಕೆನ್ನೆ ಮಾತ್ರ ಆಗಷ್ಟೇ ಸಗಣಿ ಸಾರಿಸಿದ ಅಂಗಳದ ಹಾಗೆ ನುಣ್ಣಗಿತ್ತು.

"ಇದ್ಯಾರದ್ದು ಮಗಾ ಈ ಕೆನ್ನೆ?" ಎಂದು ಕೇಳಿದ.

"ನಿಮ್ದೇ ಮಾವ. ಎಐ ಮಾಡಿದ್ದು. ಒಂದು ಬಟನ್ ಒತ್ತಿದ್ರೆ ಸಾಕು, ಕಲೆ, ಮೊಡವೆ, ಸುಕ್ಕು ಎಲ್ಲಾ ಅದೇ ಹುಡುಕಿ ತೆಗೀತದೆ. ಹತ್ತು ವರ್ಷ ಕಮ್ಮಿ ಕಾಣ್ತೀರಿ ನೋಡಿ!" ಎಂದಳು ಸ್ವಪ್ನಾ. ಆ ಸಾಫ್ಟ್‌ವೇರ್ ಹಾಕಿಸಿ ಅವಳಿಗಿನ್ನೂ ತಿಂಗಳಾಗಿರಲಿಲ್ಲ. ಅಂಗಡಿಗೆ ಕಾಲಿಟ್ಟವರನ್ನೆಲ್ಲ ಹತ್ತು ವರ್ಷ ಹಿಂದಕ್ಕೆ ಕಳಿಸುವ ಹುಮ್ಮಸ್ಸಿನಲ್ಲಿದ್ದಳು.

"ಹತ್ತು ವರ್ಷದ ಮಾತು ಅತ್ಲಾಗಿರ್ಲಿ. ನನ್ನ ಕರಡಿ ಎಲ್ಲಿ?"

ಜಟ್ಟಪ್ಪನ ಕರಡಿ ಎಂದರೆ ಅವನ ಕೆನ್ನೆಯ ಮೇಲಿನ ಗಾಯದ ಗೀರು. ಹುಂಚದ ಆಚೆಗಿನ ಅವನೂರು ಕೆರೆಕೊಪ್ಪದಲ್ಲಿ ಆ ಕತೆ ಗೊತ್ತಿಲ್ಲದವರು ಒಂದೋ ಇನ್ನೂ ಹುಟ್ಟಬೇಕು, ಇಲ್ಲವೇ ನಿನ್ನೆ ಸಂಜೆ ಮದುವೆಯಾಗಿ ಬಂದಿರಬೇಕು. ನಲವತ್ತೆರಡು ವರ್ಷದ ಹಿಂದೆ ಕಾಡಿನಲ್ಲಿ ಕರಡಿಯೊಂದು ಎದ್ದು ನಿಂತಿತು. ಜಟ್ಟಪ್ಪ ಕತ್ತಿ ಎತ್ತಿದ. ಅದು ಇವನ ಕೆನ್ನೆಗೊಂದು ಬಿಟ್ಟಿತು, ಇವನು ಅದರ ಮೂತಿಗೊಂದು ಬಿಟ್ಟ, ಅದು ಕಾಲಿಗೆ ಬುದ್ಧಿ ಹೇಳಿತು. ಮೊದಮೊದಲು ಆ ಕರಡಿ ಸಾಧಾರಣ ಗಾತ್ರದ್ದೇ ಆಗಿತ್ತು. ವರ್ಷ ಕಳೆದಂತೆ ಚೆನ್ನಾಗಿ ಮೇಯ್ದು ಬೆಳೆಯಿತು. ಈಗಂತೂ ಎದ್ದು ನಿಂತರೆ ಡೈರಿಯ ಸೂರಿಗೆ ಅದರ ತಲೆ ತಾಗುತ್ತಿತ್ತು.

ಡೈರಿ ಎಂದರೆ ಊರಿನ ಹಾಲಿನ ಸೊಸೈಟಿ. ಅದಕ್ಕೀಗ ಹೊಸ ಕಟ್ಟಡವಾಗಿ ಭಾನುವಾರ ಪ್ರಾರಂಭೋತ್ಸವ. ಹಾಲಿನ ಲೆಕ್ಕದ ಜೊತೆಗೆ ಊರಿನ ಮಾನವನ್ನೂ ನೋಡಿಕೊಳ್ಳುವ ಸೆಕ್ರೆಟರಿ ತೀರ್ಥೇಶ, ಮಾಜಿ ಅಧ್ಯಕ್ಷರು ನಾಲ್ವರ ಫೋಟೋ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದು ಹಟ ಹಿಡಿದಿದ್ದ. ಜಟ್ಟಪ್ಪ ಮೂರನೆಯ ಅಧ್ಯಕ್ಷ. ಎರಡನೆಯವನು ನಾಗರಾಜಪ್ಪ. ಜಟ್ಟಪ್ಪ ಕರಡಿಯ ಕತೆ ಶುರುಮಾಡಿದಾಗಲೆಲ್ಲ ಎಲೆಯಡಿಕೆ ಉಗುಳುವ ನೆಪದಲ್ಲಿ ಎದ್ದು ಹೊರಗೆ ಹೋಗುವವನೆಂದರೆ ಊರಿಗೆಲ್ಲ ಅವನೊಬ್ಬನೇ. ಬಾಯಿಬಿಟ್ಟು ಏನೂ ಅಂದವನಲ್ಲ, ಆದರೆ ಆ ಉಗುಳುವುದರಲ್ಲೇ ಎಲ್ಲವೂ ಇತ್ತು.

ಪರದೆಯ ಮೇಲಿನ ಆ ನುಣುಪು ಕೆನ್ನೆಯನ್ನು ನೋಡುತ್ತ ಜಟ್ಟಪ್ಪನಿಗೆ ನಿಜಕ್ಕೂ ಹೆದರಿಕೆಯಾಯಿತು. ಅವನೇನು ಭಾಷಣಕಾರನಲ್ಲ, ಎಕರೆಗಟ್ಟಲೆ ತೋಟ ಇದ್ದವನಲ್ಲ. ಅಧ್ಯಕ್ಷನಾಗಿದ್ದಾಗ ಮಾಡಿದ ದೊಡ್ಡ ಕೆಲಸವೆಂದರೆ ಡೈರಿಗೊಂದು ಗೋಡೆ ಗಡಿಯಾರ ತಂದದ್ದು. ಅವನ ಬಗ್ಗೆ ಹೇಳಲು ಊರಿಗಿದ್ದದ್ದು ಒಂದೇ ಕತೆ. ತಾನು ಸತ್ತ ಮೇಲೆ ಹುಟ್ಟುವವರು ಗೋಡೆ ನೋಡಿ, ಇವನಾ ಕರಡಿ ಜಟ್ಟಪ್ಪ, ಕೆನ್ನೆ ನೋಡಿದ್ರೆ ಬೆಕ್ಕೂ ಪರಚಿದ ಹಾಗಿಲ್ಲ ಎಂದುಬಿಟ್ಟರೆ? ಕರಡಿಯಿಲ್ಲದ ಜಟ್ಟಪ್ಪ ಯಾರೆಂದು ಅವನಿಗೇ ಗೊತ್ತಿರಲಿಲ್ಲ.

"ವಾಪಸ್ ಹಾಕು ಮಗಾ. ಇದ್ದ ಹಂಗೇ ಇರ್ಲಿ."

"ಅಷ್ಟೇ ತಾನೇ?" ಸ್ವಪ್ನಾ ಒಂದು ಬಟನ್ ಒತ್ತಿದಳು. ಕ್ಯಾಮೆರಾ ಹಿಡಿದಿದ್ದ ಅಸಲಿ ಮುಖ ಬಂತು. ಸುಕ್ಕುಗಳೂ ಬಂದವು, ಕಣ್ಣಿನ ಕೆಳಗಿನ ಚೀಲಗಳೂ ಬಂದವು. ಜಟ್ಟಪ್ಪ ಮೂಗು ಪರದೆಗೆ ತಾಗುವಷ್ಟು ಬಗ್ಗಿ, ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಾಣುವ ಜಾಗಕ್ಕೆ ಸರಿಯಾಗಿ ಬೆರಳಿಟ್ಟ. ಬೆರಳಿನ ಕೆಳಗೆ ಬರೀ ಸುಕ್ಕು.

"ಇಲ್ಲೇ ಇತ್ತಲ್ಲ ಮಾರಾಯ್ತಿ!"

"ವಯಸ್ಸಾಯ್ತಲ್ಲ ಮಾವ. ಸುಕ್ಕಿನೊಳಗೆ ಸೇರಿಹೋಗಿರ್ತದೆ," ಎಂದಳು ಸ್ವಪ್ನಾ ಗಡಿಯಾರ ನೋಡುತ್ತ. ಮದುವೆ ಆಲ್ಬಮ್ಮಿನವರು ಬಾಗಿಲಲ್ಲಿ ನಿಂತಿದ್ದರು. "ಬೇಕಾದ್ರೆ ಎಐಗೆ ಹೇಳಿ ಹೊಸದು ಹಾಕಿಸ್ತೀನಿ. ತೆಗಿಯೋದಕ್ಕೆ ಬಂದಿದ್ದು ಹಾಕೋದಕ್ಕೂ ಬರ್ತದೆ."

ಅವನು ಬೆರಳಿಟ್ಟ ಜಾಗದ ಸುತ್ತ ಒಂದು ವೃತ್ತ ಎಳೆದು ಸ್ವಪ್ನಾ 'ಕರಡಿ ಪರಚಿದ ಹಳೇ ಗಾಯ' ಎಂದು ಟೈಪ್ ಮಾಡಿದಳು. ಯಂತ್ರ ಒಂದಿಷ್ಟು ಯೋಚನೆ ಮಾಡಿ ಜಟ್ಟಪ್ಪನ ಕೆನ್ನೆಯ ಮೇಲೆ ಒಂದು ಹಿಡಿ ಕಪ್ಪು ರೋಮ ಬೆಳೆಸಿತು. ಎರಡನೆಯ ಸಲಕ್ಕೆ ರಕ್ತ ಸುರಿಸಿತು. ಆಲ್ಬಮ್ಮಿನವರಲ್ಲಿ ಒಬ್ಬಳು "ಅಯ್ಯೋ ಪಾಪ, ಯಾವಾಗಾಯ್ತು?" ಎಂದು ಒಳಗೇ ಬಂದುಬಿಟ್ಟಳು. ಮೂರನೆಯ ಸಲಕ್ಕೆ ಮಾತ್ರ ಕಣ್ಣಿನ ಕೆಳಗಿಂದ ದವಡೆಯವರೆಗೆ ಮೂರು ಉಗುರಿನ ಮೂರು ಗೀರು, ಹಳತಾಗಿ, ಗಂಭೀರವಾಗಿ, ಒಂದರ ಪಕ್ಕ ಒಂದು ಮೂಡಿದವು. ಜಟ್ಟಪ್ಪನಿಗಿದ್ದದ್ದು ಒಂದೇ ಗೀರು. ಅದನ್ನು ಹೇಳಬೇಕೆಂದು ಬಾಯಿ ತೆರೆದವನು ಫೋಟೋವನ್ನು ಇನ್ನೊಮ್ಮೆ ನೋಡಿ ಮುಚ್ಚಿಕೊಂಡ. ಇಂಥ ಗಾಯವಿದ್ದವನು ಶಾಸಕನೇ ಆಗಬಹುದಿತ್ತು.

"ಇದಿರ್ಲಿ," ಎಂದ.

ಆದರೆ ಊರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ಲೆಕ್ಕ ಹಾಕತೊಡಗಿದ. ಒಂದು ಮೂರಾದದ್ದನ್ನು ನಾಗರಾಜಪ್ಪ ಎಣಿಸದೆ ಬಿಡುತ್ತಾನೆಯೇ? ಒಂದು ಗೀರಿನ ಬುಡ ಕೆದಕಿದರೆ ಕರಡಿಯ ಬುಡಕ್ಕೇ ಬರುತ್ತಾರೆ. ಅಲ್ಲಿ ಕರಡಿ ಇರಲೇ ಇಲ್ಲ. ಅಲ್ಲಿದ್ದದ್ದು ಎಮ್ಮೆ.

ಇದು ಗೊತ್ತಿದ್ದದ್ದು ಇಬ್ಬರಿಗೆ, ಅವನಿಗೆ ಮತ್ತು ಹೆಂಡತಿ ಕನ್ನಮ್ಮನಿಗೆ. ಮದುವೆಯಾದ ವರ್ಷದ ಮೊದಲ ದೀಪಾವಳಿಗೆ ಅವನು ಮೇಳಿಗೆ ಕಡೆಯ ಮಾವನ ಮನೆಗೆ ಹೋಗಿದ್ದ. ಮುಸ್ಸಂಜೆ ಹಿತ್ತಿಲಿನ ಬೇಲಿಯ ಹತ್ತಿರ ನಿಂತಿದ್ದಾಗ ಕರಿಯದೊಂದು ಬುಸ್ಸೆಂದು ಎದ್ದಿತು. ಹೊಸ ಅಳಿಯ ಹಿಂದೆ ಮುಂದೆ ನೋಡದೆ ಓಡಿ ಮುಳ್ಳುತಂತಿಗೆ ಮುಖ ಕೊಟ್ಟ. ಲಾಟೀನು ಹಿಡಿದು ಓಡಿಬಂದ ಕನ್ನಮ್ಮ ನೋಡುವಾಗ ಗಂಡ ತಂತಿಯಲ್ಲಿ ಸಿಕ್ಕಿಕೊಂಡಿದ್ದ, ಮನೆಯ ಮಣಕ ಎಮ್ಮೆ ಅವನ ಕುತ್ತಿಗೆ ನೆಕ್ಕುತ್ತಿತ್ತು. ಅವಳು ನಗಲಿಲ್ಲ. ಅರಿಶಿನ ತಂದು ಹಚ್ಚಿದಳು. ಒಳಗಿನಿಂದ ಅವಳಪ್ಪ, ಏನಾಯ್ತೇ ಎಂದು ಕೂಗಿದಾಗ ಜಟ್ಟಪ್ಪನ ಬಾಯಿ ಕಟ್ಟಿಹೋಗಿತ್ತು. "ಕರಡಿ ಬಂದಿತ್ತು ಅಪ್ಪಯ್ಯ, ಇವ್ರು ಓಡಿಸಿದ್ರು," ಎಂದವಳು ಕನ್ನಮ್ಮ. ಅವಳು ಕೊಟ್ಟದ್ದು ಅಷ್ಟೇ. ಉಳಿದ ಕಾಡು, ಕತ್ತಿ, ಮೂತಿಗೆ ಹೊಡೆತ ಎಲ್ಲ ಜಟ್ಟಪ್ಪ ಆಮೇಲೆ ಸೇರಿಸಿಕೊಂಡ ಉಪ್ಪು ಖಾರ.

ಆ ಮಣಕ ಮುಂದೆ ಬಳುವಳಿಯಾಗಿ ಕನ್ನಮ್ಮನ ಜೊತೆಗೇ ಕೆರೆಕೊಪ್ಪಕ್ಕೆ ಬಂತು. ಅದರ ಮಗಳ ಹಾಲನ್ನೇ ಜಟ್ಟಪ್ಪ ಡೈರಿ ಶುರುವಾದ ದಿನ ಮೊದಲು ಅಳೆದುಕೊಟ್ಟದ್ದು. ಆದ್ದರಿಂದ ಡೈರಿಯ ಗೋಡೆಗೆ ಯಾರ ಫೋಟೋ ಹಾಕಬೇಕಿತ್ತು ಎಂಬುದನ್ನು ನಾನು ಹೇಳಬೇಕಾಗಿಲ್ಲ. ಕನ್ನಮ್ಮ ಇಷ್ಟು ವರ್ಷದಲ್ಲಿ ಒಂದು ದಿನವೂ, ಜಗಳ ಕಾದ ದಿನವೂ, ಎಮ್ಮೆಯ ಹೆಸರೆತ್ತಿದವಳಲ್ಲ. ಕರಡಿಯ ಕತೆ ಶುರುವಾದರೆ ಒಳಗೆದ್ದು ಹೋಗಿ ಕಾಫಿ ಮಾಡುತ್ತಿದ್ದಳು. ಅವಳು ಒಳಗೆ ಹೋಗುವುದು ಬೇಸರಕ್ಕೋ ನಗು ಬರುವುದಕ್ಕೋ ಎಂದು ಜಟ್ಟಪ್ಪ ಕೇಳಿರಲಿಲ್ಲ.

ಭಾನುವಾರ ಬೆಳಿಗ್ಗೆ ಸ್ವಪ್ನಾಳೇ ಆಟೋದಲ್ಲಿ ಫೋಟೋಗಳನ್ನು ತಂದು ಗೋಡೆಗೆ ಹಾಕಿಸಿ ಹೋದಳು. ಜಟ್ಟಪ್ಪ ಇಸ್ತ್ರಿ ಶರ್ಟು ಹಾಕಿಕೊಂಡು ಬಂದ. ನಾಲ್ಕೂ ಫೋಟೋ ಸಾಲಾಗಿದ್ದವು. ಉಳಿದ ಮೂವರು ಎಐ ಕೃಪೆಯಿಂದ ಹೊಸ ಅಳಿಯಂದಿರ ಹಾಗೆ ಹೊಳೆಯುತ್ತಿದ್ದರು. ನಡುವೆ ಜಟ್ಟಪ್ಪನೊಬ್ಬ ಯುದ್ಧದಿಂದ ನೇರ ಬಂದವನ ಹಾಗಿದ್ದ.

ಜನ ಅಲ್ಲಿಯೇ ಮುತ್ತಿಕೊಂಡರು. "ಕಾಣಿ ಕಾಣಿ, ಉಗುರು ಹೆಂಗೆ ಇಳಿದೈತೆ!" ಎಂದ ಒಬ್ಬ. "ನಾನು ಸಣ್ಣವನಿದ್ದಾಗ ನೋಡಿದ್ದೆ, ಆಗ ಇನ್ನೂ ಹಸಿ ಇತ್ತು," ಎಂದ ಇನ್ನೊಬ್ಬ. ಅವನು ಹುಟ್ಟಿದ್ದು ಎಮ್ಮೆ ಸತ್ತು ಎರಡು ವರ್ಷದ ಮೇಲೆ. ತೀರ್ಥೇಶ ಜಟ್ಟಪ್ಪನನ್ನು ಫೋಟೋದ ಕೆಳಗೇ ನಿಲ್ಲಿಸಿದ. ಊರವರು ಒಬ್ಬೊಬ್ಬರಾಗಿ ಪಕ್ಕಕ್ಕೆ ಬಂದು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಂಡರು. ಮೇಲೊಂದು ಮುಖ, ಕೆಳಗೊಂದು ಮುಖ.

ಕೊನೆಗೆ ನಾಗರಾಜಪ್ಪ ಬಂದ. ಕೈ ಹಿಂದಕ್ಕೆ ಕಟ್ಟಿಕೊಂಡು ಫೋಟೋ ನೋಡಿದ. ಕೆಳಗೆ ನಿಂತವನನ್ನು ನೋಡಿದ.

"ಮೂರು ಉಗುರು," ಎಂದ ನಾಗರಾಜಪ್ಪ.

ಒಂದೊಂದಕ್ಕೂ ಬೆರಳು ತೋರಿಸಿ ಮತ್ತೊಮ್ಮೆ ಎಣಿಸಿದ.

"ನಮ್ಮ ಅಪ್ಪಯ್ಯನೂ ಮೂರೇ ಅಂತಿದ್ದ. ನಾನೇ ನಂಬಿರ್ಲಿಲ್ಲ. ಏನಂದ್ಕೋಬೇಡ ಜಟ್ಟಪ್ಪ." ಹಾಗೆಂದವನು ಜಟ್ಟಪ್ಪನ ಹೆಗಲು ತಟ್ಟಿ, ಎಲೆಯಡಿಕೆ ಉಗುಳಲು ಹೊರಗೆ ಹೋಗದೆ ಮೊದಲ ಸಾಲಿನ ಕುರ್ಚಿಯಲ್ಲೇ ಕೂತುಕೊಂಡ.

ಗೆದ್ದೆ ಎಂದುಕೊಂಡು ಜಟ್ಟಪ್ಪ ಸುತ್ತ ನೋಡಿದ. ಆಗ ಕಣ್ಣಿಗೆ ಬಿದ್ದವಳು ಕನ್ನಮ್ಮ. ಹೆಂಗಸರ ಗುಂಪಿನಿಂದ ಮುಂದೆ ಬಂದವಳು ಫೋಟೋ ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಸೆರಗು ಬಾಯಿಗೆ ಹೋಯಿತು. ಭುಜ ಕುಲುಕತೊಡಗಿತು. ತಡೆದುಕೊಳ್ಳಲಾಗದೆ ಅವಳು ಕಾಫಿ ಹಂಚುವ ಕಡೆಗೆ ಓಡಿದಳು.

ಸಭೆ ಮುಗಿಸಿ ಮನೆಯ ದಾರಿ ಹಿಡಿದಾಗ ಜಟ್ಟಪ್ಪ ಬಿಗಿದುಕೊಂಡೇ ನಡೆದ. ಗದ್ದೆಯ ಏರು ಹತ್ತುವಲ್ಲಿ ತಡೆಯಲಾಗಲಿಲ್ಲ.

"ಅಷ್ಟು ಜನದ ಮುಂದೆ ಎಂತಕ್ಕೆ ನಕ್ಕಿದ್ದು? ಗೀರು ಮೂರಾಯ್ತು ಅಂತನಾ?"

"ಮೂರಲ್ಲ, ಮೂವತ್ತು ಮಾಡ್ಕಳಿ. ನಿಮ್ಮ ಕರಡಿ ದಾರಿ ತಪ್ಪಿ ಆ ಕೆನ್ನೆಗೆ ಹೋಗೈತಲ್ಲ, ಅದಕ್ಕೆ ನಗು ಬಂತು."

"ಯಾವ ಕೆನ್ನೆಗೆ? ದಿನಾ ಕನ್ನಡೀಲಿ ನೋಡೋದಿಲ್ವಾ ನಾನು? ಅದೇ ಜಾಗಕ್ಕೆ ಬೆರಳಿಟ್ಟು ತೋರ್ಸಿದ್ದೀನಿ!"

"ಕನ್ನಡೀಲಿ ಕಂಡ ಕಡೆಗೇ ಫೋಟೋದಲ್ಲೂ ಬೆರಳಿಟ್ರಾ? ಫೋಟೋದೊಳಗಿನ ನೀವು ನನ್ನ ಹಂಗೆ ಎದುರಿಗೆ ನಿಂತಿರ್ತೀರಲ್ಲ. ನಿಮ್ಮ ಎಡ ಇದು." ಕನ್ನಮ್ಮ ಅವನೆದುರು ನಿಂತು ಕೈ ನೀಡಿ ಅವನ ಎಡಗೆನ್ನೆ ಮುಟ್ಟಿದಳು. "ಒಂಬತ್ತು ದಿನ ಅರಿಶಿನ ಹಚ್ಚಿದೋಳು ನಾನು. ನನಗೆ ತಪ್ತದಾ?"

ಜಟ್ಟಪ್ಪ ಮನಸ್ಸಿನಲ್ಲೇ ಫೋಟೋದ ಎದುರು ಹೋಗಿ ನಿಂತ. ಎಡ ಬಲ ಲೆಕ್ಕ ಹಾಕಿದ. ಅವನ ಮುಖ ಸಪ್ಪಗಾಯಿತು. ಸ್ಟುಡಿಯೋದ ಅಸಲಿ ಫೋಟೋದಲ್ಲಿ ಗೀರು ಎಲ್ಲಿಗೂ ಹೋಗಿರಲಿಲ್ಲ. ಅವನೇ ಬಲಗೆನ್ನೆಯಲ್ಲಿ ಹುಡುಕಿದ್ದ. ಬೆಳಗಿನಿಂದ ಅಷ್ಟು ಜನ ಪಕ್ಕದಲ್ಲಿ ನಿಂತರು, ಮೇಲಿನ ಮುಖವನ್ನೂ ಕೆಳಗಿನ ಮುಖವನ್ನೂ ಒಟ್ಟಿಗೆ ನೋಡಿದರು, ಒಬ್ಬರಿಗೂ ಗೊತ್ತಾಗಲಿಲ್ಲ. ನಲವತ್ತೆರಡು ವರ್ಷ ಊರು ಅವನ ಕತೆ ಕೇಳಿತ್ತು, ಮುಖ ನೋಡಿರಲಿಲ್ಲ. ನೋಡಿದವಳು ಇವಳೊಬ್ಬಳು. ಅವನಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ಹೇಳಲಾಗದಷ್ಟು ಖುಷಿಯೂ ಆಯಿತು.

"ನಾಳೆನೇ ಹೊಸನಗರಕ್ಕೆ ಹೋಗಿ ಸರಿ ಮಾಡಿಸ್ತೀನಿ," ಎಂದ.

"ಬ್ಯಾಡ ಬಿಡಿ. ಊರಿನ ಕರಡಿ ಆ ಕೆನ್ನೇಲೇ ಇರ್ಲಿ. ನಮ್ಮ ಎಮ್ಮೆ ಈ ಕೆನ್ನೇಲಿರ್ಲಿ."

ಅವಳ ಕೈ ಇನ್ನೂ ಅಲ್ಲೇ ಇತ್ತು, ಹೆಬ್ಬೆರಳು ಆ ಸಣ್ಣ ಗೀರಿನ ಮೇಲೆ. ಏರಿನ ಮೇಲೆ ಯಾರಾದರೂ ಬರುತ್ತಿದ್ದಾರೇನೋ ಎಂದು ಜಟ್ಟಪ್ಪ ಹಿಂದೆ ಮುಂದೆ ನೋಡಿದ. ಯಾರೂ ಇರಲಿಲ್ಲ. ಕೆನ್ನೆಯನ್ನು ಹಾಗೇ ಅವಳ ಕೈಗೆ ಬಿಟ್ಟು ಸ್ವಲ್ಪ ಹೊತ್ತು ನಿಂತುಕೊಂಡ.