ಫ್ಲಾಸ್ಕ್ ಬಿಟ್ಟು ಬಂದ ದಿನ

ಪಟ್ಟಾಭಿರಾಮ ಹತ್ತೊಂಬತ್ತು ವರ್ಷ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇನ್ಸ್‌ಪೆಕ್ಟರ್ ಆಗಿದ್ದ. ಇನ್ಸ್‌ಪೆಕ್ಟರ್ ಎಂದರೆ ಜೀಪು, ಲಾಠಿ ಇರುವವನಲ್ಲ. ಬೇರೆಯವರು ಮಾಡಿದ ಬಿಡಿಭಾಗಗಳಿಗೆ ಅಳತೆಯ ಗೇಜು ಹಾಕಿ ನೋಡಿ, ಸರಿಯಿದ್ದರೆ ಹಸಿರು ಡಬ್ಬಕ್ಕೆ, ಇಲ್ಲದಿದ್ದರೆ ಕೆಂಪು ಡಬ್ಬಕ್ಕೆ ಹಾಕುವವನು. ಇಂಥವನು ಆ ಭಾಗಗಳನ್ನು ಮಾಡುವ ಲೇತ್‌ನವರ ಟೀ ಕುಡಿಯಬಾರದೆಂದು ಯಾವ ರೂಲ್ ಬುಕ್ಕಿನಲ್ಲೂ ಬರೆದಿರಲಿಲ್ಲ. ಆದರೆ ಯಾರೂ ಕುಡಿಯುತ್ತಿರಲಿಲ್ಲ. ಹತ್ತು ಗಂಟೆಗೆ ಕುಡಿದ ಟೀ ಹನ್ನೊಂದು ಗಂಟೆಗೆ ಗೇಜಿನೊಳಗೆ ಇಳಿಯುತ್ತದೆ ಎಂಬುದು ಅಲ್ಲಿಯ ನಂಬಿಕೆ. ಹಾಗಾಗಿ ಅವನು ದಿನವೂ ತನ್ನ ಫ್ಲಾಸ್ಕಿನ ಟೀಯನ್ನು ತನ್ನ ಮೇಜಿನ ಬಳಿ ಒಬ್ಬನೇ ಕುಡಿದ. ಬೀಳ್ಕೊಡುಗೆಯ ಗ್ರೂಪ್ ಫೋಟೋದಲ್ಲಿ ಅವನಿಗೂ ಪಕ್ಕದವನಿಗೂ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗವಿದೆ.

ತೊಂಬತ್ತಾರನೇ ಇಸವಿಯಲ್ಲಿ ಸ್ವಯಂ ನಿವೃತ್ತಿ ಕೊಟ್ಟು ಕಳಿಸಿದರು. ಹೆಂಡತಿ ಭಾನುಮತಿ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು. ದಾಸರಹಳ್ಳಿಯ ಬಾಡಿಗೆ ರೂಮಿನಲ್ಲಿ ಐದು ತಿಂಗಳು ಕಳೆದ ಮೇಲೆ, ರೇಡಿಯೋದಲ್ಲಿ ವಾರ್ತೆ ಓದುವವರು ನಮಸ್ಕಾರ ಅಂದರೆ ತಾನೂ ನಮಸ್ಕಾರ ಅನ್ನುತ್ತಿದ್ದೇನೆ ಎಂಬುದು ಅವನ ಗಮನಕ್ಕೆ ಬಂತು. ಅವತ್ತೇ ಕೆಲಸ ಹುಡುಕಲು ಹೊರಟ. ಅವನಿಗೆ ಬೇಕಾಗಿದ್ದುದು ಸಂಬಳಕ್ಕಿಂತ ಹೆಚ್ಚಾಗಿ ನಾಲ್ಕು ಜನರ ಗದ್ದಲ.

"ಏನ್ ಕೇಳಿದ್ರೂ ಬರುತ್ತೆ ಅನ್ನು ಕಣೋ. ಮಿಕ್ಕಿದ್ದು ಆಮೇಲೆ ನೋಡ್ಕೊಂಡ್ರಾಯ್ತು" ಎಂದು ಹಳೆಯ ಸಹೋದ್ಯೋಗಿ ಲಕ್ಷ್ಮಯ್ಯ ಉಪದೇಶ ಮಾಡಿದ. ಮೊದಲ ಇಂಟರ್‌ವ್ಯೂನಲ್ಲಿ ಪಟ್ಟಾಭಿರಾಮ ಕಂಪ್ಯೂಟರ್ ಬರುತ್ತೆ ಅಂದ. ಅವರು ಸಂತೋಷದಿಂದ ಅದರ ಮುಂದೆಯೇ ಕೂರಿಸಿದರು. ಸ್ವಿಚ್ಚು ಎಲ್ಲಿದೆ ಎಂದು ಅವನು ಹುಡುಕುತ್ತಿರುವಾಗಲೇ ಇಂಟರ್‌ವ್ಯೂ ಮುಗಿಯಿತು.

ಎರಡನೆಯದು ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ. ಮಾಲೀಕರು ಚನ್ನವೀರಪ್ಪ, ರಾಣೇಬೆನ್ನೂರಿನ ಕಡೆಯವರು, ಹಣೆಯ ತುಂಬ ವಿಭೂತಿ.

"ಸಿಎನ್‌ಸಿ ಮಷೀನು ಬರ್ತೈತೇನ್ರಿ?"

"ಬರಲ್ಲ ಸಾರ್."

"ಕಂಪ್ಯೂಟರು?"

"ಬರುತ್ತೆ ಅಂತ ಒಂದ್ಸಲ ಹೇಳಿ ನೋಡ್ದೆ ಸಾರ್. ಬರ್ಲಿಲ್ಲ."

ಚನ್ನವೀರಪ್ಪನವರ ಮೀಸೆ ಅಲುಗಿತು. "ಮತ್ತೇನು ಬರ್ತೈತ್ರಿ ನಿಮಗ?"

"ಸರಿ ಇಲ್ಲದ್ದನ್ನ ಸರಿ ಇಲ್ಲ ಅನ್ನೋದು ಬರುತ್ತೆ. ಅದರಲ್ಲಿ ನನ್ನ ಮೀರಿಸೋರು ನಮ್ಮ ಸೆಕ್ಷನ್ನಲ್ಲಿ ಯಾರೂ ಇರ್ಲಿಲ್ಲ ಸಾರ್."

ತನ್ನ ಬಾಯಿಂದ ಇಂಥ ಮಾತು ಬಂದದ್ದು ಅವನಿಗೇ ಆಶ್ಚರ್ಯ. ಆದರೆ ಅದು ನಿಜವಾಗಿತ್ತು. ತಲೆ ತಗ್ಗಿಸುವ ಕಾರಣವಿರಲಿಲ್ಲ.

ಚನ್ನವೀರಪ್ಪ ನಡುವೆ ತೂತಿರುವ ನಾಲ್ಕು ಕಬ್ಬಿಣದ ಬುಷ್‌ಗಳನ್ನೂ ಒಂದು ಗೇಜನ್ನೂ ಮುಂದಿಟ್ಟು, ಟೀ ತರಿಸಿದರು. "ಮೊದ್ಲು ಚಾ ಕುಡೀರಿ."

"ನೋಡಿದ್ಮೇಲೆ ಕುಡೀತೀನಿ ಸಾರ್."

ಗೇಜಿನ ಒಂದು ತುದಿ ಬುಷ್‌ನ ತೂತಿಗೆ ಇಳಿಯಬೇಕು, ಇನ್ನೊಂದು ತುದಿ ಇಳಿಯಬಾರದು. ಮೂರರಲ್ಲಿ ಹಾಗೆಯೇ ಆಯಿತು. ನಾಲ್ಕನೆಯದರಲ್ಲಿ ಎರಡೂ ಇಳಿದವು.

"ಇದು ರಿಜೆಕ್ಟ್."

"ಮಾಡಿದವ ನಮ್ಮ ಅಕ್ಕನ ಮಗ ಅದಾನ್ರಿ."

"ತೂತು ಯಾರ ಮಗಂದೂ ಅಲ್ಲ ಸಾರ್. ದೊಡ್ಡದಾಗಿದೆ."

ಚನ್ನವೀರಪ್ಪ ಜೋರಾಗಿ ನಕ್ಕರು. "ಹಿಂದಿನವ ಹುಡುಗರ ಕೂಡ ಚಾ ಕುಡದು ಕುಡದು ಎಲ್ಲಾ ಪಾಸ್ ಮಾಡಿ, ನನ್ನ ಮಾಲು ವಾಪಸ್ ಬರೋಹಂಗ ಮಾಡಿದ್ನಪ್ಪ. ನಿಮ್ಮಂಥವರೇ ಬೇಕಾಗಿತ್ತು. ಸೋಮವಾರ ಬರ್ರಿ."

ಪಟ್ಟಾಭಿರಾಮ ಟೀ ಎತ್ತಿಕೊಂಡ. ಕೆನೆ ಕಟ್ಟಿ ತಣ್ಣಗಾಗಿತ್ತು. ಪೂರ್ತಿ ಕುಡಿದ.

ಸೋಮವಾರ ಬೆಳಿಗ್ಗೆ ರೂಮಿಗೆ ಬೀಗ ಹಾಕುವ ಮುಂಚೆ ಫ್ಲಾಸ್ಕನ್ನು ಎತ್ತಿಕೊಂಡು, ಸ್ವಲ್ಪ ಹೊತ್ತು ನಿಂತು, ಮತ್ತೆ ಗೂಡಿನಲ್ಲಿಟ್ಟ. ಇದು ಸಣ್ಣ ಶೆಡ್ಡು, ಎಂಟೇ ಜನ, ಪದ್ಧತಿಗಳೂ ಬೇರೆ ಇರಬಹುದು.

ಹತ್ತು ಗಂಟೆಗೆ ಪಕ್ಕದ ದೊಡ್ಡ ಕಾರ್ಖಾನೆಯ ಸೈರನ್ ಕೂಗಿತು. ಇವರೂ ಅದನ್ನೇ ನಂಬಿಕೊಂಡು ಮಷೀನು ನಿಲ್ಲಿಸಿದರು. ಬಾಗಿಲ ಬಳಿ ಹಲಗೆಯ ಮೇಲೆ ಎಲ್ಲರೂ ಒತ್ತಿಕೊಂಡು ಕೂತರು. ಚನ್ನವೀರಪ್ಪನವರ ಅಕ್ಕನ ಮಗ ರುದ್ರೇಶ್ ಆಗಷ್ಟೇ ನಲವತ್ತು ಬುಷ್‌ಗಳನ್ನು ತಂದು ಪಟ್ಟಾಭಿರಾಮನ ಮೇಜಿನ ಮೇಲಿಟ್ಟಿದ್ದ. ಈಗ ಕೈ ಒರೆಸಿಕೊಂಡು, ಪಕ್ಕದವನನ್ನು ಮೊಣಕೈಯಿಂದ ತಳ್ಳಿ ಹಲಗೆಯಲ್ಲಿ ಜಾಗ ಮಾಡಿದ.

"ಬನ್ನಿ ಸಾರ್, ಟೀ ಬಂತು. ರಿಜೆಕ್ಟ್ ಮಾಡೋಕೂ ಶಕ್ತಿ ಬೇಕಲ್ವಾ?"

ಎಲ್ಲರೂ ನಕ್ಕರು. ಒಳ್ಳೆಯ ನಗು, ಐದು ತಿಂಗಳಿಂದ ಕೇಳದ ನಗು. ಪಟ್ಟಾಭಿರಾಮ ಕುರ್ಚಿಯಿಂದ ಅರ್ಧ ಎದ್ದಿದ್ದ. ಮೇಜಿನ ಮೇಲೆ ನಲವತ್ತು ಬುಷ್‌ಗಳು. ಒಂದಕ್ಕೂ ಇನ್ನೂ ಗೇಜು ಹಾಕಿರಲಿಲ್ಲ.

"ನೀವು ಕುಡೀರಪ್ಪ," ಎಂದು ಮತ್ತೆ ಕೂತ. "ನಾನು ಫ್ಲಾಸ್ಕ್ ತಂದಿದೀನಿ."

ರುದ್ರೇಶ್ ಹಲಗೆಯ ಮೇಲೆ ಕಾಲು ಚಾಚಿದ. ಮಾಡಿದ್ದ ಜಾಗ ತುಂಬಿತು. ಪಟ್ಟಾಭಿರಾಮ ಅವರಿಗೆ ಬೆನ್ನು ಹಾಕಿ ಗೋಡೆಯ ಕಡೆ ತಿರುಗಿದ, ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುವವನು ತಿರುಗುವ ಹಾಗೆ. ಒಂದು ಲೋಟ ಟೀ ಮುಗಿಯುವಷ್ಟು ಹೊತ್ತು ಹಾಗೆಯೇ ಇದ್ದು, ಆಮೇಲೆ ಮೊದಲ ಬುಷ್ ಎತ್ತಿಕೊಂಡ.